ಪೆನ್‌ಡ್ರೈವ್‌ನಲ್ಲಿ ಬಾಣದ ಗುರುತು: ಮನೆಯ ಕಂಪ್ಯೂಟರಿಗೆ ವೈರಸ್ ಬರುವ ದಾರಿಗಳು

ಸಿಂಧನೂರಿನ ಅಕ್ಕನ ಮನೆಗೆ ಹೋದ ದಿನ ಅಕ್ಕನ ಮಗಳು ಚಹಾ ಕೊಡುವ ಮೊದಲೇ ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. ಡಿಗ್ರಿ ಕೊನೆಯ ವರ್ಷದ ಪ್ರಾಜೆಕ್ಟ್ ಪ್ರಿಂಟ್ ಹಾಕಿಸಲು ಪೆನ್‌ಡ್ರೈವ್ ಒಯ್ದು ಝೆರಾಕ್ಸ್ ಅಂಗಡಿಗೆ ಹೋಗಿ ಬಂದಿದ್ದಳು. “ಮಾಮಾ, ಇಲ್ಲೊಂಚೂರು ನೋಡ್ರಿ. ಫೋಲ್ಡರ್ ಏನೋ ತೆರೀತಾವ, ಆದ್ರ ಎಲ್ಲಾದಕ್ಕೂ ಬಾಣದ ಗುರ್ತು ಬಂದಾವ” ಅಂದಳು.

ನಾಲ್ಕು ಹಳದಿ ಫೋಲ್ಡರ್‌ಗಳು, ಒಂದೊಂದರ ಎಡಮೂಲೆಯಲ್ಲಿ ಸಣ್ಣ ಬಾಣ. ಪಕ್ಕದಲ್ಲಿ 2 ಕೆಬಿ ಅಂತ ಅಳತೆ. ವಿಂಡೋಸ್ ನಿಜವಾದ ಫೋಲ್ಡರಿನ ಪಕ್ಕ ಅಳತೆ ತೋರಿಸುವುದೇ ಇಲ್ಲ. ಮೇಲಾಗಿ ಅವುಗಳಲ್ಲಿ ಒಂದರೊಳಗೆ ಅವಳ ತಮ್ಮನ ಜಾವಳದ ಮುನ್ನೂರು ಫೋಟೋ ಇದ್ದವು. ಅಷ್ಟೆಲ್ಲ 2 ಕೆಬಿಯಲ್ಲಿ ಹಿಡಿಯುವ ಮಾತೇ ಇಲ್ಲ. ಕಣ್ಣಿಗೆ ಕಾಣುತ್ತಿದ್ದ ಆ ನಾಲ್ಕೂ ಫೋಲ್ಡರ್‌ಗಳಲ್ಲ, ಫೋಲ್ಡರಿನ ವೇಷ ಹಾಕಿದ ಶಾರ್ಟ್‌ಕಟ್‌ಗಳು, ಅಂದರೆ ಬೇರೆಡೆ ಇರುವುದನ್ನು ತೆರೆಯುವ ಬರೀ ಕೊಂಡಿಗಳು.

ಅದೇ ಪರದೆಯ ಮೇಲೆ ಇನ್ನೊಂದು ಸಂದೇಶವೂ ಇತ್ತು: ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ ಅಂತ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಆ ವಿಂಡೋಸ್‌ಗೆ ಉಚಿತ ರಕ್ಷಣಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯ ಮನೆಗಳಲ್ಲಿ ಕಂಪ್ಯೂಟರ್ ಅಂದರೆ ಎಷ್ಟೋ ಕಡೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪೇ, ಅದರಲ್ಲಿ ವಿಂಡೋಸ್ 10 ಅಥವಾ ಅದಕ್ಕೂ ಹಿಂದಿನದೇ. ಅದರಲ್ಲೇ ಮಕ್ಕಳ ಪಾಠ, ಅದರಲ್ಲೇ ಅಡತ್ ಅಂಗಡಿಯ ಲೆಕ್ಕ, ಜೀನ್ಸ್ ಹೊಲಿಗೆಯ ಬಿಲ್ಲು, ಅದರಲ್ಲೇ ಬ್ಯಾಂಕು. ಹಾಗಾಗಿ ಇದನ್ನು ಬುಡದಿಂದ ತಿಳಿದುಕೊಳ್ಳಲು ಇದು ಸರಿಯಾದ ಹೊತ್ತು.

ವೈರಸ್ ಅಂದರೆ ಏನು?

ಮೆಣಸಿನಕಾಯಿ ಬೆಳೆದವರಿಗೆ ವೈರಸ್ ಅನ್ನುವ ಮಾತು ಹೊಸದಲ್ಲ. ಎಲೆ ಮುದುರಿಕೊಂಡು ಗಿಡ ಬೆಳೆಯದೆ ನಿಂತುಬಿಡುವ ರೋಗವನ್ನು ಎಲ್ಲರೂ ನೋಡಿರುತ್ತಾರೆ. ಎಲೆ ಮುದುರಿಸುವ ಆ ವೈರಸ್‌ಗೆ ಕಾಲಿಲ್ಲ, ರೆಕ್ಕೆ ಇಲ್ಲ. ಬಿಳಿ ನೊಣ ರೋಗದ ಗಿಡದ ರಸ ಹೀರಿ, ಹಾರಿ ಹೋಗಿ ಮುಂದಿನ ಗಿಡದ ಮೇಲೆ ಕೂತಾಗ ಅದೂ ದಾಟುತ್ತದೆ. ಒಳಗೆ ಸೇರಿದ ಮೇಲೆ ಗಿಡವನ್ನೇ ದುಡಿಸಿಕೊಂಡು ತನ್ನಂಥವನ್ನು ಸಾವಿರಗಟ್ಟಲೆ ಹುಟ್ಟಿಸುತ್ತದೆ.

ಕಂಪ್ಯೂಟರಿನ ವೈರಸ್ಸಿಗೆ ಆ ಹೆಸರು ಬಂದದ್ದೇ ಈ ಹೋಲಿಕೆಯಿಂದ. ಅದು ಜೀವಿಯಲ್ಲ, ಒಂದು ಪ್ರೋಗ್ರಾಮ್. ಪ್ರೋಗ್ರಾಮ್ ಅಂದರೆ ಕಂಪ್ಯೂಟರಿಗೆ ಸಾಲಾಗಿ ಬರೆದಿಟ್ಟ ಅಪ್ಪಣೆಗಳು: ಇದನ್ನು ತೆರೆ, ಅದನ್ನು ನಕಲು ಮಾಡು, ಇದನ್ನು ಅಳಿಸು. ಕಂಪ್ಯೂಟರಿಗೆ ಒಳ್ಳೆಯ ಅಪ್ಪಣೆ, ಕೆಟ್ಟ ಅಪ್ಪಣೆ ಅಂತ ಭೇದವಿಲ್ಲ. ಹೇಳಿದ್ದನ್ನು ಮಾಡುತ್ತದೆ. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಡಿಸ್ಕಿನಲ್ಲಿ ಸುಮ್ಮನೆ ಬಿದ್ದಿರುವ ಕೆಟ್ಟ ಫೈಲು ಏನೂ ಮಾಡಲಾರದು. ಯಾರಾದರೂ, ಅಥವಾ ಯಾವುದಾದರೂ, ಅದನ್ನು ಓಡಿಸಬೇಕು. ಮನೆಯ ಕಂಪ್ಯೂಟರುಗಳಲ್ಲಿ ಬಹುಪಾಲು ಓಡಿಸುವ ಕೈ ನಮ್ಮದೇ ಆಗಿರುತ್ತದೆ. ನಮಗೆ ಗೊತ್ತಾಗದಂತೆ ಮೋಸ ಮಾಡಿ ಓಡಿಸಿಕೊಳ್ಳುತ್ತವೆ, ಅಷ್ಟೇ.

ನಾವು ಎಲ್ಲವನ್ನೂ ಸೇರಿಸಿ ‘ವೈರಸ್’ ಅನ್ನುತ್ತೇವೆ. ತಿಳಿದವರು ಒಟ್ಟಿಗೆ ‘ಮಾಲ್‌ವೇರ್’ ಅಂದರೆ ಕೇಡಿನ ಸಾಫ್ಟ್‌ವೇರ್ ಅಂತಾರೆ. ಅದರೊಳಗೆ ಜಾತಿಗಳಿವೆ. ಇನ್ನೊಂದು ಫೈಲಿಗೆ ಅಂಟಿಕೊಂಡು ಹರಡುವುದು ವೈರಸ್. ಯಾರ ಕೈಯೂ ಬೇಡದೆ ನೆಟ್‌ವರ್ಕಿನಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ತಾನೇ ಹರಿಯುವುದು ವರ್ಮ್, ಅಂದರೆ ಹುಳ. ಒಳ್ಳೆಯ ಸಾಫ್ಟ್‌ವೇರಿನ ವೇಷದಲ್ಲಿ ಬರುವುದು ಟ್ರೋಜನ್. ಕದ್ದು ನೋಡುವುದು ಸ್ಪೈವೇರ್. ಅದರಲ್ಲೇ ನಾವು ಒತ್ತಿದ ಪ್ರತಿ ಕೀಯನ್ನೂ ಬರೆದಿಟ್ಟುಕೊಳ್ಳುವುದು ಕೀಲಾಗರ್. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಕೆಲವೇ ಸೆಕೆಂಡಿನಲ್ಲಿ ಗುಡಿಸಿ ಕಳಿಸುವುದು ಸ್ಟೀಲರ್. ಫೈಲುಗಳಿಗೆಲ್ಲ ಕೀಲಿ ಜಡಿದು ದುಡ್ಡು ಕೇಳುವುದು ರಾನ್ಸಮ್‌ವೇರ್.

ಐಬಿಎಂ ಪಿಸಿಗಳಿಗೆ ಬಂದ ಮೊದಲ ವೈರಸ್ ಅಂತ ಹೆಸರಾದ ‘ಬ್ರೇನ್’ 1986ರಲ್ಲಿ ಹುಟ್ಟಿದ್ದು ದೂರದ ಅಮೆರಿಕದಲ್ಲಲ್ಲ, ಲಾಹೋರಿನಲ್ಲಿ. ತಾವು ಬರೆದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ದುಡ್ಡು ಕೊಡದೆ ನಕಲು ಮಾಡುತ್ತಾರೆಂದು ಇಬ್ಬರು ಅಣ್ಣತಮ್ಮಂದಿರು ಅದನ್ನು ಬರೆದರು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಹಾಕಿದ್ದರು. ಅದು ಫ್ಲಾಪಿಯಿಂದ ಫ್ಲಾಪಿಗೆ ಹತ್ತಿ ಖಂಡ ದಾಟಿತು. ಈಗ ವೈರಸ್ ಬರೆಯುವವರು ವಿಳಾಸ ಕೊಡುವುದಿಲ್ಲ. ಇದೊಂದು ವ್ಯಾಪಾರವಾಗಿಬಿಟ್ಟಿದೆ.

ಪೆನ್‌ಡ್ರೈವ್ ಎಂಬ ಬಿಳಿ ನೊಣ

ಪರೀಕ್ಷೆ ಅರ್ಜಿ, ಪ್ರಾಜೆಕ್ಟ್, ಮದುವೆ ಪತ್ರಿಕೆ, ಪಹಣಿ, ಆಧಾರ್ ಎಲ್ಲಕ್ಕೂ ನಮ್ಮೂರುಗಳಲ್ಲಿ ಝೆರಾಕ್ಸ್ ಅಂಗಡಿಯೇ ಗತಿ. ದಿನಕ್ಕೆ ನೂರು ಜನರ ಪೆನ್‌ಡ್ರೈವ್ ಅದೇ ಕಂಪ್ಯೂಟರಿಗೆ ಚುಚ್ಚುತ್ತಾರೆ. ಅಂಗಡಿಯವರು ಬೇಕಂತ ಏನೂ ಮಾಡಿರುವುದಿಲ್ಲ. ಒಬ್ಬರ ಪೆನ್‌ಡ್ರೈವ್ ರೋಗ ತಂದರೆ ಆಮೇಲೆ ಬಂದವರಿಗೆಲ್ಲ ಹತ್ತುತ್ತದೆ.

ಶಾರ್ಟ್‌ಕಟ್ ವೈರಸ್ ಮಾಡುವ ಕೆಲಸ ನೋಡಿದರೆ ಇಷ್ಟು ಸರಳ ಉಪಾಯವಾ ಅನ್ನಿಸುತ್ತದೆ. ರೋಗದ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿದ ಕೂಡಲೇ ಅದು ನಿಮ್ಮ ಫೋಲ್ಡರ್‌ಗಳನ್ನೆಲ್ಲ ಕಣ್ಣಿಗೆ ಕಾಣದಂತೆ ಮರೆಮಾಡುತ್ತದೆ. ಎಷ್ಟೋ ಸಲ ಹೆಸರೇ ಇಲ್ಲದ, ಬರೀ ಖಾಲಿ ಜಾಗವೇ ಹೆಸರಾಗಿರುವ ಒಂದು ಫೋಲ್ಡರ್ ಮಾಡಿ ಅದರೊಳಗೆ ತಳ್ಳುತ್ತದೆ. ಆಮೇಲೆ ಅದೇ ಹೆಸರಿನ, ಅದೇ ಹಳದಿ ಚಿತ್ರದ ಶಾರ್ಟ್‌ಕಟ್‌ಗಳನ್ನು ಅವುಗಳ ಜಾಗದಲ್ಲಿ ಇಡುತ್ತದೆ. ನೀವು ಮನೆಗೆ ಬಂದು ‘ಫೋಟೋಸ್’ ಅಂತ ಇದ್ದದ್ದನ್ನು ಎರಡು ಸಲ ಒತ್ತಿದರೆ ಆ ಶಾರ್ಟ್‌ಕಟ್ ಮೊದಲು ಮರೆಯಲ್ಲಿರುವ ವೈರಸ್ಸನ್ನು ಓಡಿಸುತ್ತದೆ, ಮರುಕ್ಷಣ ನಿಜವಾದ ಫೋಲ್ಡರನ್ನೂ ತೆರೆದು ತೋರಿಸುತ್ತದೆ. ಫೋಟೋ ಕಂಡವು, ಕೆಲಸ ಆಯಿತು ಅಂತ ನಾವು ಸುಮ್ಮನಾಗುತ್ತೇವೆ. ಅಷ್ಟರಲ್ಲಿ ಅದು ಕಂಪ್ಯೂಟರಿನಲ್ಲಿ ಮನೆ ಮಾಡಿಕೊಂಡು ಮುಂದೆ ಬರುವ ಪೆನ್‌ಡ್ರೈವ್‌ಗೆ ಕಾಯುತ್ತಿರುತ್ತದೆ.

ಹಿಂದೆ ಪೆನ್‌ಡ್ರೈವ್ ಚುಚ್ಚಿದರೇ ಸಾಕಾಗಿತ್ತು, ಒತ್ತುವುದೂ ಬೇಕಿರಲಿಲ್ಲ. ಆಟೋರನ್ ಅನ್ನುವ ಸೌಲಭ್ಯ ತಾನಾಗಿಯೇ ಪ್ರೋಗ್ರಾಮ್ ಓಡಿಸುತ್ತಿತ್ತು. ವಿಂಡೋಸ್ 7ರಲ್ಲಿ ಪೆನ್‌ಡ್ರೈವ್‌ಗೆ ಅದನ್ನು ತೆಗೆದರು, 2011ರಲ್ಲಿ ಹಳೆಯ ವಿಂಡೋಸ್‌ಗಳಿಗೂ ಅಪ್‌ಡೇಟ್ ಮೂಲಕ ನಿಲ್ಲಿಸಿದರು. ಆ ಬಾಗಿಲು ಮುಚ್ಚಿದ ಮೇಲೆ ವೈರಸ್ ಬರೆಯುವವರು ಹಿಡಿದದ್ದು ನಮ್ಮ ಬೆರಳನ್ನು.

ಹೀಗಾದಾಗ ಫೈಲು ಹೋದವು ಅಂತ ಗಾಬರಿಯಾಗಿ ಕೂಡಲೇ ಫಾರ್ಮ್ಯಾಟ್ ಮಾಡಿ ಎಲ್ಲವನ್ನೂ ಅಳಿಸಿಬಿಡಬೇಡಿ. ಫೈಲುಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ‘ಹಿಡನ್ ಐಟಮ್ಸ್’ ಅನ್ನುವುದಕ್ಕೆ ಟಿಕ್ ಹಾಕಿ. ಅಷ್ಟಕ್ಕೂ ಕಾಣದಿದ್ದರೆ ಆಪ್ಷನ್ಸ್‌ನೊಳಗೆ ಹೋಗಿ ವ್ಯೂ ಪುಟದಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಅನ್ನುವ ಟಿಕ್ ತೆಗೆಯಿರಿ. ಮಸುಕು ಬಣ್ಣದಲ್ಲಿ ನಿಜವಾದ ಫೋಲ್ಡರ್ ಕಾಣುತ್ತದೆ. ಅದರಿಂದ ನಿಮಗೆ ಗೊತ್ತಿರುವ ಫೋಟೋ, ಪಿಡಿಎಫ್, ವರ್ಡ್ ಫೈಲುಗಳನ್ನು ಮಾತ್ರ ನಕಲು ಮಾಡಿಕೊಳ್ಳಿ. ಬಾಣದ ಗುರುತಿನವನ್ನು ಮುಟ್ಟಬೇಡಿ. ನಕಲು ಮಾಡಿದ್ದನ್ನು ಆಂಟಿವೈರಸ್‌ನಿಂದ ತಪಾಸಿಸಿದ ಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ, ತೆಗೆದ ಟಿಕ್ಕನ್ನು ಮತ್ತೆ ಹಾಕಿಡಿ. ನಾವೂ ಆ ದಿನ ಹಾಗೇ ಮಾಡಿದೆವು. ಜಾವಳದ ಮುನ್ನೂರು ಫೋಟೋನೂ ಸಿಕ್ಕವು.

ಇನ್ನು ಪ್ರಿಂಟ್ ಹಾಕಿಸುವಾಗ ಆದಷ್ಟು ಪಿಡಿಎಫ್ ಮಾಡಿ ಇಮೇಲ್‌ನಲ್ಲಿ ಕಳಿಸಿ. ಪೆನ್‌ಡ್ರೈವ್ ಒಯ್ಯಲೇಬೇಕಾದರೆ ಅದಕ್ಕೊಂದು ಬೇರೆ ಪೆನ್‌ಡ್ರೈವ್ ಇರಲಿ, ಅದರಲ್ಲಿ ಆ ದಿನ ಬೇಕಾದ ಫೈಲ್ ಮಾತ್ರ ಇರಲಿ. ಮನೆಗೆ ಬಂದ ಮೇಲೆ ಅದನ್ನು ತೆರೆಯುವ ಮೊದಲು ಮೌಸಿನ ಬಲಗುಂಡಿ ಒತ್ತಿ ‘ಸ್ಕ್ಯಾನ್’ ಕೊಡಿ. ಅಂಗಡಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ತೆರೆದಿದ್ದರೆ ಹೊರಡುವ ಮುಂಚೆ ಫೋನಿನ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಲಾಗೌಟ್ ಮಾಡುವುದನ್ನು ಮರೆಯಬೇಡಿ. ಇದು ವೈರಸ್ಸಿನ ಮಾತಲ್ಲ, ಆದರೆ ಮರೆತು ಬರುವವರನ್ನು ಬಹಳ ನೋಡಿದ್ದೇನೆ.

ಪುಕ್ಕಟೆ ಸಾಫ್ಟ್‌ವೇರಿನ ಬೆಲೆ

ನನಗೆ ಅತಿ ಹೆಚ್ಚು ಚಿಂತೆ ಇರುವುದು ಈ ಬಾಗಿಲಿನ ಬಗ್ಗೆ. ವಿಂಡೋಸ್, ಆಫೀಸ್, ಫೋಟೋಶಾಪ್, ಟ್ಯಾಲಿ ಮುಂತಾದವನ್ನು ದುಡ್ಡು ಕೊಡದೆ ಓಡಿಸಲು ‘ಕ್ರ್ಯಾಕ್’, ‘ಆಕ್ಟಿವೇಟರ್’ ಅನ್ನುವ ಪ್ರೋಗ್ರಾಮುಗಳು ಸಿಗುತ್ತವೆ. ಅವುಗಳ ಜೊತೆ ಬರುವ ಸೂಚನೆಯನ್ನು ಗಮನಿಸಿ. ಮೊದಲ ಸಾಲೇ “ಆಂಟಿವೈರಸ್ ಆಫ್ ಮಾಡಿ” ಅಂತ ಇರುತ್ತದೆ. ಮನೆಗೆ ಬಂದ ಅಪರಿಚಿತ ಮನುಷ್ಯ “ನಾಯಿ ಕಟ್ಟಿಹಾಕ್ರಿ, ಮನ್ಯಾಗಿನವರೆಲ್ಲ ಹೊರಗ ಹೋಗ್ರಿ, ನಾನು ಒಳಗ ಒಂದು ಸಣ್ಣ ಕೆಲಸ ಮಾಡ್ತೀನಿ” ಅಂದರೆ ಒಪ್ಪುತ್ತೇವೆಯೇ?

ಸ್ಟಾಪ್ ಅಥವಾ ಡಿಜೆವಿಯು ಅಂತ ಕರೆಯುವ ರಾನ್ಸಮ್‌ವೇರ್ ದೊಡ್ಡ ಕಂಪನಿಗಳನ್ನು ಬಿಟ್ಟು ಮನೆಯ ಕಂಪ್ಯೂಟರುಗಳ ಬೆನ್ನು ಹತ್ತಿದ್ದು ಮುಖ್ಯವಾಗಿ ಈ ಕ್ರ್ಯಾಕ್‌ಗಳ ಮೂಲಕವೇ. ಫೈಲುಗಳಿಗೆಲ್ಲ ಕೀಲಿ ಹಾಕಿ 980 ಡಾಲರ್ ಕೇಳುತ್ತಿತ್ತು. 72 ಗಂಟೆಯೊಳಗೆ ಕೊಟ್ಟರೆ ಅರ್ಧ ಬೆಲೆ ಅನ್ನುತ್ತಿತ್ತು, ಹಬ್ಬದ ಸೇಲ್ ತರಹ. ಉಳಿಸಲು ಹೋದದ್ದು ಒಂದು ಸಾಫ್ಟ್‌ವೇರಿನ ದುಡ್ಡು, ಹೋದದ್ದು ಹತ್ತು ವರ್ಷದ ಫೋಟೋ.

ನಮ್ಮಲ್ಲಿ ಇದಕ್ಕೊಂದು ವಿಶೇಷ ದಾರಿಯೂ ಇದೆ: ಕನ್ನಡ ಟೈಪಿಂಗ್. ‘ನುಡಿ ಫ್ರೀ ಡೌನ್‌ಲೋಡ್’, ‘ಕನ್ನಡ ಫಾಂಟ್ಸ್’ ಅಂತ ಹುಡುಕಿ ಮೊದಲು ಕಂಡ ಪುಟದಲ್ಲಿ ದೊಡ್ಡ ಹಸಿರು ಡೌನ್‌ಲೋಡ್ ಗುಂಡಿ ಒತ್ತುತ್ತೇವೆ. ಆ ಹಸಿರು ಗುಂಡಿ ಎಷ್ಟೋ ಸಲ ಜಾಹೀರಾತು. ನುಡಿ ಕರ್ನಾಟಕ ಸರ್ಕಾರದ ಬೆಂಬಲದಲ್ಲಿ ಕನ್ನಡ ಗಣಕ ಪರಿಷತ್ತು ತಯಾರಿಸಿ ಉಚಿತವಾಗಿ ಕೊಟ್ಟ ತಂತ್ರಾಂಶ. ಉಚಿತವಾದದ್ದನ್ನು ಕದ್ದ ಮಾಲಿನ ಸಂತೆಯಲ್ಲಿ ಹುಡುಕುವ ಅಗತ್ಯವೇ ಇಲ್ಲ. ಬರೀ ಯೂನಿಕೋಡ್ ಕನ್ನಡ, ಅಂದರೆ ವಾಟ್ಸಾಪ್, ವೆಬ್ ಎಲ್ಲ ಕಡೆ ಓದಲು ಬರುವ ಕನ್ನಡ, ಬೇಕಾದರೆ ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇದೆ. ಸೆಟ್ಟಿಂಗ್ಸ್‌ನ ಭಾಷೆ ವಿಭಾಗದಲ್ಲಿ ಸೇರಿಸಿಕೊಂಡರೆ ಆಯಿತು. ಲೆಕ್ಕಪತ್ರ, ಕಾಗದಪತ್ರಕ್ಕೆ ಲಿಬ್ರೆಆಫೀಸ್ ಇದೆ. ಅದು ಕಾನೂನುಬದ್ಧವಾಗಿಯೇ ಉಚಿತ.

ಫೈಲಿನ ಬಾಲ ನೋಡಿ

ಫೈಲಿನ ಹೆಸರಿನ ಕೊನೆಯಲ್ಲಿ ಒಂದು ಚುಕ್ಕೆ, ಚುಕ್ಕೆಯ ಆಚೆ ಮೂರು ನಾಲ್ಕು ಅಕ್ಷರ ಇರುತ್ತವೆ. ಅದು ಆ ಫೈಲಿನ ಕುಲ ಹೇಳುತ್ತದೆ. ಜೆಪಿಜಿ ಅಂದರೆ ಚಿತ್ರ, ಪಿಡಿಎಫ್ ಅಂದರೆ ಕಾಗದ. ಇಎಕ್ಸ್‌ಇ, ಎಂಎಸ್‌ಐ, ಬಿಎಟಿ, ವಿಬಿಎಸ್, ಎಸ್‌ಸಿಆರ್ ಅಂದರೆ ಪ್ರೋಗ್ರಾಮ್ ಅಥವಾ ಅಪ್ಪಣೆಗಳ ಪಟ್ಟಿ, ಒತ್ತಿದರೆ ಓಡುತ್ತದೆ. ತೊಂದರೆ ಏನೆಂದರೆ ವಿಂಡೋಸ್ ಈ ಬಾಲವನ್ನು ಮುಚ್ಚಿಡುತ್ತದೆ. ಯಾರೋ ಕೆಡುಕರು ‘ಮದುವೆಪತ್ರಿಕೆ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ’ ಅಂತ ಎರಡು ಬಾಲದ ಫೈಲ್ ಕಳಿಸಿದರೆ ನಿಮಗೆ ಕಾಣುವುದು ‘ಮದುವೆಪತ್ರಿಕೆ ಡಾಟ್ ಪಿಡಿಎಫ್’ ಅಷ್ಟೇ. ಚಿತ್ರವನ್ನೂ ಪಿಡಿಎಫ್‌ನದೇ ಹಾಕಿರುತ್ತಾರೆ.

ಪರಿಹಾರ ಒಂದು ನಿಮಿಷದ್ದು. ಅದೇ ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಅನ್ನುವುದಕ್ಕೆ ಟಿಕ್ ಹಾಕಿ. ಇದನ್ನು ಇವತ್ತೇ ಮಾಡಿಡಿ ಅನ್ನುತ್ತೇನೆ. ಬಿಲ್ಲು, ಕೊರಿಯರ್ ರಸೀದಿ, ಕೋರ್ಟ್ ನೋಟಿಸು, ಆದಾಯ ತೆರಿಗೆ ರೀಫಂಡ್ ಅಂತ ಬಂದ ಇಮೇಲಿನ ಜೊತೆಗೆ ಪ್ರೋಗ್ರಾಮ್ ಕುಲದ ಫೈಲ್ ಇದ್ದರೆ ಅದು ಬಿಲ್ಲೂ ಅಲ್ಲ, ನೋಟಿಸೂ ಅಲ್ಲ. ವರ್ಡ್ ಅಥವಾ ಎಕ್ಸೆಲ್ ಫೈಲ್ ತೆರೆದಾಗ ಮೇಲೆ ಹಳದಿ ಪಟ್ಟಿ ಬಂದು ‘ಎನೇಬಲ್ ಕಂಟೆಂಟ್’ ಒತ್ತಿ ಅಂದರೆ ಅಲ್ಲಿಯೂ ನಿಲ್ಲಿ. ಅದರೊಳಗೆ ಮ್ಯಾಕ್ರೋ ಅನ್ನುವ ಪುಟ್ಟ ಪ್ರೋಗ್ರಾಮ್ ಇದೆ, ಓಡಿಸಲೇ ಅಂತ ಕೇಳುತ್ತಿದೆ ಎಂದರ್ಥ. ಫೋನಿನಲ್ಲಿ ಇದೇ ಆಟ ಎಪಿಕೆ ಫೈಲಿನ ರೂಪದಲ್ಲಿ ನಡೆಯುತ್ತದೆ. ವಾಟ್ಸಾಪ್‌ನಲ್ಲಿ ಮದುವೆ ಆಮಂತ್ರಣ, ಗಾಡಿ ದಂಡದ ಚಲನ್ ಅಂತ ಬರುವ ಎಪಿಕೆಗಳು ಆಮಂತ್ರಣವಲ್ಲ, ಆ್ಯಪ್.

ಹೆದರಿಸುವ ಪರದೆ, ನೆರವಿಗೆ ಬರುವ ಫೋನ್

ಯಾವುದೋ ಪುಟ ನೋಡುತ್ತಿರುವಾಗ ಪರದೆ ತುಂಬ ಕೆಂಪು ಬಣ್ಣ, ಸೈರನ್ ಸದ್ದು, “ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ” ಅಂತ ಬಂದರೆ ಅದು ಬರೀ ಒಂದು ವೆಬ್ ಪುಟ, ಗೋಡೆಗೆ ಹಚ್ಚಿದ ಪೋಸ್ಟರಿನಂತೆ. ವೆಬ್ ಪುಟಕ್ಕೆ ನಿಮ್ಮ ಡಿಸ್ಕಿನೊಳಗೆ ಇಣುಕಿ ವೈರಸ್ ಹುಡುಕುವ ಶಕ್ತಿಯೇ ಇಲ್ಲ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಆಲ್ಟ್ ಮತ್ತು ಎಫ್4 ಒಟ್ಟಿಗೆ ಒತ್ತಿ ಬ್ರೌಸರ್ ಮುಚ್ಚಿ. ಮುಚ್ಚದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡಿ ಮತ್ತೆ ಹಚ್ಚಿ. ಕರೆ ಮಾಡಿದರೆ ಆ ಕಡೆಯವರು ಎನಿಡೆಸ್ಕ್, ಟೀಮ್‌ವ್ಯೂವರ್ ಹಾಕಿಕೊಳ್ಳಲು ಹೇಳುತ್ತಾರೆ. ಆ ಸಾಫ್ಟ್‌ವೇರ್‌ಗಳು ಕೆಟ್ಟವಲ್ಲ, ಆದರೆ ದೂರದಲ್ಲಿ ಕೂತವರ ಕೈಗೆ ನಿಮ್ಮ ಮೌಸನ್ನೇ ಕೊಡುತ್ತವೆ.

ಇತ್ತೀಚೆಗೆ ಇನ್ನೊಂದು ಬಂದಿದೆ. “ನೀವು ರೋಬೋ ಅಲ್ಲ ಎಂದು ತೋರಿಸಿ” ಅನ್ನುವ ಪುಟ. ಎಂದಿನಂತೆ ಚಿತ್ರ ಆರಿಸಲು ಹೇಳುವ ಬದಲು “ವಿಂಡೋಸ್ ಕೀ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ ಒತ್ತಿ, ಎಂಟರ್ ಕೊಡಿ” ಅನ್ನುತ್ತದೆ. ಆ ಪುಟ ಮೊದಲೇ ಒಂದು ಅಪ್ಪಣೆಯನ್ನು ಗುಟ್ಟಾಗಿ ಕಾಪಿ ಮಾಡಿಟ್ಟಿರುತ್ತದೆ. ನೀವೇ ಅದನ್ನು ಅಂಟಿಸಿ, ನೀವೇ ಓಡಿಸಿದಂತಾಗುತ್ತದೆ. ಲುಮ್ಮಾ ಅನ್ನುವ ಸ್ಟೀಲರ್ ಹರಡಲು ಈ ದಾರಿಯನ್ನೂ ಬಳಸಿದ್ದರು. 2025ರ ಮೇ ತಿಂಗಳಲ್ಲಿ ಅದರ ಜಾಲವನ್ನು ಮುರಿದಾಗ, ಎರಡೇ ತಿಂಗಳಲ್ಲಿ ಜಗತ್ತಿನಾದ್ಯಂತ 3,94,000ಕ್ಕೂ ಹೆಚ್ಚು ವಿಂಡೋಸ್ ಕಂಪ್ಯೂಟರುಗಳಿಗೆ ಅದು ಹತ್ತಿದ್ದನ್ನು ಮೈಕ್ರೋಸಾಫ್ಟ್ ಗುರುತಿಸಿತ್ತು. ಯಾವ ವೆಬ್ ಪುಟಕ್ಕೂ ನಿಮ್ಮಿಂದ ವಿಂಡೋಸ್ ಕೀ ಒತ್ತಿಸುವ ನಿಜವಾದ ಕಾರಣ ಇರುವುದಿಲ್ಲ.

ಅಪ್‌ಡೇಟ್ ಯಾಕೆ, ವಿಂಡೋಸ್ 10 ಇದ್ದವರು ಏನು ಮಾಡಬೇಕು

ಇಲ್ಲಿಯವರೆಗೆ ಹೇಳಿದ್ದೆಲ್ಲ ನಮ್ಮ ಕೈಯಿಂದ ಒಳಗೆ ಬರುವವು. ಕೈ ತಾಗದೆ ಬರುವವೂ ಇವೆ. ವಿಂಡೋಸ್‌ನಂಥ ದೊಡ್ಡ ಸಾಫ್ಟ್‌ವೇರಿನಲ್ಲಿ ಕೋಟಿಗಟ್ಟಲೆ ಸಾಲುಗಳಿರುತ್ತವೆ, ಎಲ್ಲೋ ಒಂದು ಕಡೆ ತಪ್ಪು ಉಳಿದಿರುತ್ತದೆ. ಹಳೆಯ ಮಣ್ಣಿನ ಮಾಳಿಗೆಯಲ್ಲಿ ಎಲ್ಲಿ ಬಿರುಕಿದೆ ಅಂತ ಮಳೆ ಬಂದಾಗ ಗೊತ್ತಾಗುವಂತೆ, ಆ ತಪ್ಪು ಯಾರೋ ಹುಡುಕಿದಾಗ ಗೊತ್ತಾಗುತ್ತದೆ. ಕಂಪನಿ ಆ ಬಿರುಕಿಗೆ ಮೆತ್ತುವ ಮಣ್ಣೇ ಅಪ್‌ಡೇಟ್.

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಅಂಥ ಒಂದು ಬಿರುಕಿಗೆ ಅಪ್‌ಡೇಟ್ ಕೊಟ್ಟಿತು. ಎರಡು ತಿಂಗಳೂ ತುಂಬಿರಲಿಲ್ಲ, ಮೇ 12ರಂದು ವಾನ್ನಾಕ್ರೈ ಅನ್ನುವ ರಾನ್ಸಮ್‌ವೇರ್ ಅದೇ ಬಿರುಕಿನಿಂದ ನುಗ್ಗಿತು. ಯಾರೂ ಏನನ್ನೂ ಒತ್ತಬೇಕಿರಲಿಲ್ಲ, ಹುಳದಂತೆ ನೆಟ್‌ವರ್ಕಿನಲ್ಲಿ ಹರಿದು ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳನ್ನು ಹಿಡಿಯಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಮಾರ್ಚ್ ತಿಂಗಳ ಅಪ್‌ಡೇಟ್ ಹಾಕಿಕೊಂಡಿದ್ದ ಕಂಪ್ಯೂಟರುಗಳಿಗೆ ಆ ಬಿರುಕಿನಿಂದ ನುಗ್ಗಲು ಅದಕ್ಕೆ ಆಗಲಿಲ್ಲ.

ವಿಂಡೋಸ್ 10ಕ್ಕೆ ಬೆಂಬಲ ಮುಗಿಯಿತು ಅಂದರೆ ಕಂಪ್ಯೂಟರ್ ನಿಂತುಹೋಗುತ್ತದೆ ಅಂತಲ್ಲ. ಮುಂದೆ ಬಿರುಕು ಕಂಡರೂ ಮಣ್ಣು ಮೆತ್ತುವವರಿಲ್ಲ ಅಂತ. ವಿಂಡೋಸ್ 11ಕ್ಕೆ ಉಚಿತವಾಗಿ ಏರಬಹುದು, ಆದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಭಾಗ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟ ನೋಡಿದರೆ ನಿಮ್ಮದು ಆಗುತ್ತದೋ ಇಲ್ಲವೋ ಗೊತ್ತಾಗುತ್ತದೆ. ಆಗದವರಿಗೆ ಒಂದು ವರ್ಷದ ಹೆಚ್ಚುವರಿ ರಕ್ಷಣೆಯನ್ನು, ಅಂದರೆ 2026ರ ಅಕ್ಟೋಬರ್ 13ರವರೆಗೆ, ಮೈಕ್ರೋಸಾಫ್ಟ್ ಘೋಷಿಸಿತು. ಅದಕ್ಕೆ ಅದೇ ಪುಟದಲ್ಲಿ ನೋಂದಾಯಿಸಿಕೊಳ್ಳಬೇಕು. ಬರೀ ಬ್ರೌಸರ್, ಟೈಪಿಂಗ್, ಸಿನಿಮಾ ನೋಡುವುದಕ್ಕೆ ಬಳಸುವ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆ ಚೆನ್ನಾಗಿ ಹೊಂದುತ್ತದೆ. ವಿಂಡೋಸ್ 7 ಇನ್ನೂ ಓಡಿಸುತ್ತಿದ್ದರೆ ಅದರ ಬೆಂಬಲ 2020ರ ಜನವರಿಯಲ್ಲೇ ಮುಗಿದಿದೆ. ಅದರಲ್ಲಿ ಬ್ಯಾಂಕಿನ ಕೆಲಸ ಬೇಡವೇ ಬೇಡ.

ಆಂಟಿವೈರಸ್ ಹೇಗೆ ಹಿಡಿಯುತ್ತದೆ?

ಎರಡು ರೀತಿಯಲ್ಲಿ. ಮೊದಲನೆಯದು ಗುರುತಿನ ಪಟ್ಟಿ. ಈಗಾಗಲೇ ಸಿಕ್ಕಿಬಿದ್ದ ಮಾಲ್‌ವೇರ್‌ಗಳ ಹೆಬ್ಬೆಟ್ಟಿನ ಗುರುತುಗಳನ್ನು ಇಟ್ಟುಕೊಂಡು ಪ್ರತಿ ಫೈಲನ್ನೂ ಹೋಲಿಸುತ್ತದೆ. ಪಟ್ಟಿ ದಿನದಿನವೂ ಬೆಳೆಯುವುದರಿಂದಲೇ ಆಂಟಿವೈರಸ್‌ಗೆ ಇಂಟರ್‌ನೆಟ್ ಬೇಕು. ಎರಡನೆಯದು ನಡತೆ. ಗುರುತು ಇಲ್ಲದ ಪ್ರೋಗ್ರಾಮ್ ಒಂದೇ ನಿಮಿಷದಲ್ಲಿ ಐನೂರು ಫೋಟೋಗಳನ್ನು ತಿದ್ದತೊಡಗಿದರೆ ಇದು ಸರಿಯಿಲ್ಲ ಅಂತ ತಡೆಯುತ್ತದೆ.

ಆದರೂ ತಪ್ಪಿಸಿಕೊಳ್ಳುವವು ಇದ್ದೇ ಇರುತ್ತವೆ. ರಾಯಚೂರಿನ ಹತ್ತಿ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಟಿ ಹತ್ತಿ ಬಂದಾಗ ಕಾಯಿಕೊರಕದ ಕಾಟ ಮುಗಿಯಿತು ಅಂದುಕೊಂಡರು, ಗುಲಾಬಿ ಕಾಯಿಕೊರಕ ಅದನ್ನೂ ಅರಗಿಸಿಕೊಳ್ಳುವುದನ್ನು ಕಲಿತಿತು. ಹೊರಗಿನಿಂದ ಕಾಯಿ ಚೆನ್ನಾಗಿಯೇ ಕಾಣುತ್ತದೆ, ಒಡೆದರೆ ಒಳಗೆ ಹುಳ. ಆಂಟಿವೈರಸ್ ಇದೆ, ಇನ್ನೇನೂ ನೋಡಬೇಕಿಲ್ಲ ಅನ್ನುವ ಧೈರ್ಯವೂ ಅಂಥದ್ದೇ.

ಯಾವುದನ್ನು ಹಾಕಿಕೊಳ್ಳಬೇಕು? ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲಿನಿಂದಲೇ ಇರುತ್ತದೆ, ಉಚಿತ. ಸಾಮಾನ್ಯ ಮನೆಗೆ ಅದು ಸಾಕು ಅನ್ನುವುದು ನನ್ನ ಅನುಭವ. ಬೇರೆಯದನ್ನು ಕೊಳ್ಳುವುದಾದರೆ ಒಂದನ್ನೇ ಕೊಳ್ಳಿ. ಎರಡು ಆಂಟಿವೈರಸ್ ಒಟ್ಟಿಗೆ ಕಾವಲು ಕಾದರೆ ಒಂದು ಇನ್ನೊಂದನ್ನೇ ಕಳ್ಳ ಅಂತ ಹಿಡಿಯುತ್ತದೆ, ಕಂಪ್ಯೂಟರ್ ಆಮೆಯಾಗುತ್ತದೆ. ಡಿಫೆಂಡರಿನ ಒಂದು ಸೌಲಭ್ಯ ಮಾತ್ರ ನಾವೇ ಹೋಗಿ ಹಚ್ಚಬೇಕು: ವಿಂಡೋಸ್ ಸೆಕ್ಯುರಿಟಿಯೊಳಗೆ ರಾನ್ಸಮ್‌ವೇರ್ ರಕ್ಷಣೆ ಅಂತ ಇದೆ, ಅದರಲ್ಲಿ ‘ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್’. ಅದನ್ನು ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಮುಗಳು ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ತಿದ್ದಲು ಬಿಡುವುದಿಲ್ಲ.

ಇನ್ನೊಂದು ರಕ್ಷಣೆಗೆ ದುಡ್ಡೂ ಬೇಡ. ಮನೆಯಲ್ಲಿ ಎಲ್ಲರೂ ಒಂದೇ ಅಡ್ಮಿನಿಸ್ಟ್ರೇಟರ್ ಖಾತೆಯಲ್ಲಿ ಕೂರುವುದೆಂದರೆ ಸಣ್ಣ ಮಕ್ಕಳ ಕೈಗೂ ತಿಜೋರಿಯ ಕೀಲಿಕೈ ಕೊಟ್ಟಂತೆ. ಮಕ್ಕಳಿಗೆ, ದಿನದ ಬಳಕೆಗೆ ಸ್ಟಾಂಡರ್ಡ್ ಖಾತೆ ಮಾಡಿಕೊಡಿ. ವಿಂಡೋಸ್‌ನ ಬುಡಕ್ಕೆ ಕೈ ಹಾಕುವ ಯಾವ ಪ್ರೋಗ್ರಾಮಿಗಾದರೂ ಆಗ ಹಿರಿಯರ ಪಾಸ್‌ವರ್ಡ್ ಬೇಕಾಗುತ್ತದೆ.

ಬೀಜದ ಜೋಳ

ಹಗೇವಿನಲ್ಲಿ ಜೋಳ ಇಡುತ್ತಿದ್ದ ಕಾಲದಲ್ಲಿ ಬಿತ್ತುವ ಜೋಳವನ್ನು ಉಣ್ಣುವ ಜೋಳದ ಜೊತೆ ಹಾಕುತ್ತಿರಲಿಲ್ಲ. ಒಳ್ಳೆಯ ತೆನೆ ಆರಿಸಿ, ಬೂದಿ, ಬೇವಿನ ಎಲೆ ಬೆರೆಸಿ ಬೇರೆ ಗಡಿಗೆಯಲ್ಲಿ ಕಟ್ಟಿಡುತ್ತಿದ್ದರು. ಹಗೇವಿಗೆ ನೀರು ನುಗ್ಗಿದರೂ, ಹುಳ ಬಿದ್ದರೂ ಮುಂದಿನ ಹಿಂಗಾರಿಗೆ ಬಿತ್ತಲು ಕಾಳು ಇರಬೇಕು ಅಂತ. ಬ್ಯಾಕಪ್ ಅಂದರೆ ಇದೇ.

ರಾನ್ಸಮ್‌ವೇರ್ ಹಾಕುವ ಕೀಲಿ ಸಾಧಾರಣದ್ದಲ್ಲ. ಬ್ಯಾಂಕುಗಳು ಬಳಸುವಂಥ ಗೂಢಲಿಪಿಯನ್ನೇ ಅವೂ ಬಳಸುತ್ತವೆ. ಸರಿಯಾಗಿ ಹಾಕಿದ್ದರೆ ಕೀಲಿಕೈ ಇಲ್ಲದೆ ಊಹಿಸಿ ತೆಗೆಯುವುದು ಯಾವ ರಿಪೇರಿಯವರಿಂದಲೂ ಆಗುವುದಿಲ್ಲ. ದುಡ್ಡು ಕೊಟ್ಟರೂ ಕೀಲಿಕೈ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಬೇರೆ ಕಡೆ ಇಟ್ಟ ನಕಲು ಇದ್ದವರಿಗೆ ಮಾತ್ರ ಅದು ಒಂದು ದಿನದ ತೊಂದರೆ.

ಪಾಲಿಸಲು ಸುಲಭವಾದ ಒಂದು ಲೆಕ್ಕವಿದೆ: ಬೇಕಾದ ಫೈಲಿನ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಅವುಗಳಲ್ಲಿ ಒಂದು ಮನೆಯ ಹೊರಗೆ. ಕಂಪ್ಯೂಟರಿನಲ್ಲಿ ಒಂದು, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿ ಒಂದು, ಗೂಗಲ್ ಡ್ರೈವ್‌ನಂಥ ಕಡೆ ಒಂದು. ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಹಾರ್ಡ್‌ಡಿಸ್ಕನ್ನು ಸದಾ ಕಂಪ್ಯೂಟರಿಗೇ ಚುಚ್ಚಿಟ್ಟಿರುತ್ತಾರೆ. ರಾನ್ಸಮ್‌ವೇರ್ ಬಂದ ದಿನ ಅದಕ್ಕೂ ಕೀಲಿ ಬೀಳುತ್ತದೆ. ವಾರಕ್ಕೊಮ್ಮೆ ಹಾಕಿ, ನಕಲು ಮಾಡಿ, ತೆಗೆದು ಕಪಾಟಿನಲ್ಲಿಡಿ. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಹೇಗೂ ಅದೇ ಒಳ್ಳೆಯದು. ಡಿ ಡ್ರೈವ್‌ಗೆ ನಕಲು ಮಾಡಿದ್ದೇನೆ ಅನ್ನುವವರೂ ಇದ್ದಾರೆ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಕೋಣೆಗಳು, ಅದು ಬ್ಯಾಕಪ್ ಅಲ್ಲ.

ವರ್ಷಕ್ಕೆ ಎರಡು ಸಲವಾದರೂ ಆ ಡಿಸ್ಕನ್ನು ತೆರೆದು ನಾಲ್ಕು ಫೈಲು ನಿಜವಾಗಿ ತೆರೆಯುತ್ತವೆಯೋ ನೋಡಿ. ಬೀಜ ಬಿತ್ತುವ ಮೊದಲು ಹಸಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರುತ್ತದೋ ನೋಡುತ್ತೇವಲ್ಲ, ಹಾಗೆ.

ಬಂದೇಬಿಟ್ಟರೆ

ಕಂಪ್ಯೂಟರ್ ನಿಧಾನವಾದ ಮಾತ್ರಕ್ಕೆ ವೈರಸ್ ಅಲ್ಲ. ಹಳೆಯ ಹಾರ್ಡ್‌ಡಿಸ್ಕ್, ಕಡಿಮೆ ರ್‍ಯಾಮ್‌ನಿಂದಲೂ ಹಾಗಾಗುತ್ತದೆ. ಆದರೆ ಆಂಟಿವೈರಸ್ ತಾನಾಗಿ ಆಫ್ ಆಗಿದ್ದರೆ, ನೀವು ಹಾಕದ ಪ್ರೋಗ್ರಾಮುಗಳು ಕಂಡರೆ, ನೀವು ಕಳಿಸದ ಮೆಸೇಜು ಗೆಳೆಯರಿಗೆ ಹೋಗಿದ್ದರೆ, ಫೈಲುಗಳ ಬಾಲ ಬದಲಾಗಿದ್ದರೆ ತಡ ಮಾಡಬೇಡಿ.

ಮೊದಲು ವೈಫೈ ಬಂದ್ ಮಾಡಿ, ಚುಚ್ಚಿರುವ ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್ ತೆಗೆಯಿರಿ. ಆಮೇಲೆ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಕೊಡಿ. ಕಂಪ್ಯೂಟರ್ ಬಂದಾಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ತಪಾಸಣೆ ನಡೆಯುತ್ತದೆ, ಹಾಗಾಗಿ ವೈರಸ್ಸಿಗೆ ಅವಿತುಕೊಳ್ಳಲು ಸಮಯ ಸಿಗುವುದಿಲ್ಲ. ಸುಮಾರು ಹದಿನೈದು ನಿಮಿಷ ಹಿಡಿಯುತ್ತದೆ. ಸಿಂಧನೂರಿನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್‌ನಿಂದ ಇಳಿದದ್ದು ಸಿಕ್ಕಿಬಿದ್ದದ್ದು ಹೀಗೆ. ಸ್ಕ್ಯಾನ್ ಮುಗಿಯುವವರೆಗೆ ಅಕ್ಕ ಎರಡು ಸಲ ಬಂದು “ಎಲ್ಲಾ ಅಳಿಸಿ ಹೋತೇನಪಾ?” ಅಂತ ಕೇಳಿದಳು.

ಪಾಸ್‌ವರ್ಡುಗಳನ್ನು ಬದಲಿಸಬೇಕು, ಆದರೆ ಅದೇ ಕಂಪ್ಯೂಟರಿನಲ್ಲಿ ಅಲ್ಲ. ರೋಗ ಇಲ್ಲದ ಫೋನಿನಿಂದ. ಮೊದಲು ಇಮೇಲಿನದು, ಯಾಕೆಂದರೆ ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಮರಳಿ ಪಡೆಯುವ ದಾರಿ ಅದೇ. ಬದಲಿಸುವಾಗ ಎಲ್ಲ ಸಾಧನಗಳಿಂದ ಲಾಗೌಟ್ ಮಾಡುವ ಆಯ್ಕೆಯನ್ನೂ ಒತ್ತಿ. ಸ್ಟೀಲರ್‌ಗಳು ಪಾಸ್‌ವರ್ಡ್ ಮಾತ್ರವಲ್ಲ, ಲಾಗಿನ್ ಆಗಿರುವ ಸ್ಥಿತಿಯನ್ನೇ ಕದಿಯುತ್ತವೆ.

ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಉಚಿತ ಸ್ವಚ್ಛತಾ ಸಾಧನಗಳನ್ನು ತನ್ನ ವೆಬ್‌ಸೈಟಿನಲ್ಲಿ ಕೊಡುತ್ತಿದೆ. ರಾನ್ಸಮ್‌ವೇರ್ ಆಗಿದ್ದರೆ, 2016ರಲ್ಲಿ ಡಚ್ ಪೊಲೀಸರು, ಯೂರೋಪಿನ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ ಶುರು ಮಾಡಿದ ‘ನೋ ಮೋರ್ ರಾನ್ಸಮ್’ ತಾಣದಲ್ಲಿ ನಿಮ್ಮ ಫೈಲಿಗೆ ಬಿದ್ದ ಕೀಲಿಗೆ ಕೀಲಿಕೈ ಇದೆಯೋ ನೋಡಿ. ಈಗ ಇಲ್ಲದಿದ್ದರೂ ಆ ಫೈಲುಗಳನ್ನು ಅಳಿಸಬೇಡಿ, ಒಂದು ಡಿಸ್ಕಿನಲ್ಲಿ ಹಾಗೇ ಎತ್ತಿಡಿ. ಸ್ಟಾಪ್ ರಾನ್ಸಮ್‌ವೇರಿನ ಹಳೆಯ ತಳಿಗಳಿಗೆ 2019ರಲ್ಲಿ ಉಚಿತ ಕೀಲಿಕೈ ಬಂತು, ಎತ್ತಿಟ್ಟಿದ್ದವರಲ್ಲಿ ಬಹಳ ಜನರಿಗೆ ಫೈಲು ಮರಳಿ ಸಿಕ್ಕವು.

ಖಾತೆಯಿಂದ ದುಡ್ಡು ಹೋಗಿದ್ದರೆ ಬೇರೆಲ್ಲ ಬಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಜಾರುವ ಮೊದಲೇ ತಡೆಯಲು ಆಗುವುದು ಮೊದಲ ಕೆಲವು ಗಂಟೆಗಳಲ್ಲಿ. ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ಎಷ್ಟು ದುಡ್ಡು, ಎಷ್ಟು ಗಂಟೆಗೆ ಹೋಯಿತು, ಎಸ್ಎಂಎಸ್‌ನಲ್ಲಿ ಬಂದ ವಹಿವಾಟಿನ ಸಂಖ್ಯೆ ಇವಿಷ್ಟು ಕೈಯಲ್ಲಿ ಇಟ್ಟುಕೊಂಡೇ ಕರೆ ಮಾಡಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ಬರೆಯಬಹುದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ಅಲ್ಲಿಗೆ ಹೋಗುವ ಮೊದಲು ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಬೇಡಿ. ಪರದೆಯ ಮೇಲೆ ಬಂದ ಬೆದರಿಕೆಯ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡು, ಯಂತ್ರವನ್ನು ಇದ್ದದ್ದು ಇದ್ದ ಹಾಗೇ ಇಟ್ಟುಕೊಳ್ಳಿ.